ಒಂದು ವಾಕ್ಯ ಕಡಿಮೆ

ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ನೂಲು ಬಿಚ್ಚುವ ರೀಲರುಗಳು ರೇಷ್ಮೆಗೂಡನ್ನು ಕಿವಿಯಲ್ಲಿ ನೋಡುತ್ತಾರೆ. ಜಾಲರಿಯಿಂದ ಒಂದನ್ನೆತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಹುಳು ಲೊಟಕ್ ಲೊಟಕ್ ಎಂದರೆ ಗೂಡು ಬಲಿತಿದೆ ಎಂದು ಲೆಕ್ಕ. ಹೆಬ್ಬೆರಳಿನ ತುದಿಯಷ್ಟಿರುವ ಆ ಗೂಡಿನಲ್ಲಿ ಮುಕ್ಕಾಲು ಕಿಲೋಮೀಟರೋ ಒಂದು ಕಿಲೋಮೀಟರೋ ಉದ್ದದ ಒಂದೇ ಎಳೆ. ಬಿಸಿನೀರಿಗೆ ಹಾಕಿ ತುದಿ ಹಿಡಿದರೆ ಬಿಚ್ಚಿಕೊಳ್ಳುತ್ತಲೇ ಹೋಗುತ್ತದೆ. ತಡವಾಗಿ, ಚಿಟ್ಟೆ ತೂತು ಮಾಡಿಕೊಂಡು ಹೊರಗೆ ಬಂತೋ, ಮುಗಿಯಿತು. ಎಳೆ ತುಂಡುತುಂಡಾದ ಆ ಗೂಡನ್ನು ಯಾರೂ ಬಿಚ್ಚಲಾರರು.

ಕಿರುಗತೆ ಬರೆಯಲು ಕೂತಾಗಲೆಲ್ಲ ಆ ತೂತುಬಿದ್ದ ಗೂಡು ನನ್ನ ಕಣ್ಣ ಮುಂದೆ ಬರುತ್ತದೆ. ಹನಿಗತೆ, ನ್ಯಾನೋ ಕಥೆ, ಮಿನಿ ಕಥೆ, ಹೆಸರು ಏನೇ ಇರಲಿ, ಒಳಗಿರಬೇಕಾದದ್ದು ಹೊರಗೆ ಬಂದು ರೆಕ್ಕೆ ಬಡಿದರೆ ಓದುವವರ ಕೈಗೆ ಎಳೆ ಸಿಗುವುದಿಲ್ಲ.

ನಮ್ಮದು ಕಥೆಯ ಸೀಮೆಯೇ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವವರೆಗೆ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಲ್ಲವೂ ಕೋಲಾರ ಜಿಲ್ಲೆಗೆ ಸೇರಿದ್ದವು. ಸಣ್ಣಕಥೆಗಳ ಮಾಸ್ತಿಯವರು ಅದೇ ಜಿಲ್ಲೆಯ ಮಾಲೂರು ತಾಲ್ಲೂಕಿನವರು. ಅವರ ಕಥೆ ಜಗಲಿಯ ಮೇಲೆ ಕೂತು, ಎಲೆಅಡಿಕೆ ಮುಂದಿಟ್ಟುಕೊಂಡು, ಬಂದವರ ಯೋಗಕ್ಷೇಮ ವಿಚಾರಿಸಿ ಆಮೇಲೆ ಶುರುವಾಗುವಂಥದ್ದು. ಆ ನಿಧಾನ ನನಗೆ ಈಗಲೂ ಇಷ್ಟ. ಆದರೆ ಕೆಲವು ಸಂಗತಿಗಳ ಮುಂದೆ ಅಷ್ಟು ಹೊತ್ತು ಕೂರಲಾಗುವುದಿಲ್ಲ. ಅದನ್ನು ನನಗೆ ತಿಳಿಸಿದವರು ಉರ್ದು ಕಥೆಗಾರ ಮಂಟೋ. ದೇಶ ಒಡೆದಾಗಿನ ಕೊಲೆಸುಲಿಗೆಗಳ ಬಗ್ಗೆ 1948ರಲ್ಲಿ ಬಂದ ಅವರ 'ಸಿಯಾಹ್ ಹಾಶಿಯೆ'ಯ ಕೆಲವು ಕಥೆಗಳು ಎರಡು ಮೂರು ಸಾಲಿಗೇ ಮುಗಿದುಹೋಗುತ್ತವೆ. ಓದಿದ ಮೇಲೆ ಪುಟದಲ್ಲಿ ಉಳಿದ ಬಿಳಿ ಜಾಗವನ್ನು ನೋಡುತ್ತಾ ಕೂತಿದ್ದೆ.

ನಮ್ಮಲ್ಲೂ ಅಂಥ ಸಂಗತಿಯೊಂದು ಇದೆ. ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ, 1938ರ ಏಪ್ರಿಲ್ 25ರಂದು, ನಿಷೇಧ ಮೀರಿ ಬಾವುಟ ಹಾರಿಸಲು ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆಗ ಅಲ್ಲಿ ಜಾತ್ರೆ. ಮಕ್ಕಳಾಗಲೆಂದು ಹರಸಿಕೊಂಡವರು ನಾಗರಕಲ್ಲು ನಿಲ್ಲಿಸುವ ಜಾಗ ಅದು. ಸಾವಿರಾರು ಕಲ್ಲುಗಳು ಒತ್ತೊತ್ತಾಗಿ ನಿಂತಿವೆ. ಇದನ್ನು ಬರೆಯಬೇಕೆಂದು ಕೂತೆ. ಮೊದಲ ಸಲ ಖಾಕಿ, ಲಾಠಿ, ಹೊಗೆ, ಚೀರಾಟ ಎಲ್ಲ ಸೇರಿ ಮೂರು ಪುಟವಾಯಿತು. ಎಲ್ಲವೂ ನಿಜವಿದ್ದರೂ ಒಂದೂ ಮುಟ್ಟುತ್ತಿರಲಿಲ್ಲ. ಹೊಡೆದು ಹಾಕುತ್ತಾ ಹಾಕುತ್ತಾ ಐದು ವಾಕ್ಯಕ್ಕೆ ಬಂದೆ. ಐದರಲ್ಲಿ ಮೂರನೆಯದು ಗುಂಡಿನ ಸದ್ದು. ಅದನ್ನು ತೆಗೆಯಲು ಒಂದು ವಾರ ಹಿಡಿಯಿತು. ಉಳಿದದ್ದು ಇಷ್ಟು:

'ಮಗುವಾಗಲೆಂದು ನಾಗರಕಲ್ಲು ನಿಲ್ಲಿಸಲು ಅವಳು ಗಂಡನ ಜೊತೆ ಜಾತ್ರೆಗೆ ಬಂದಿದ್ದಳು. ಬಾವುಟ ಏರಿಸುವುದನ್ನು ನೋಡಿಕೊಂಡು ಬಂದೆ ಎಂದು ಅವನು ಹೋದ. ಅವಳು ಅರಿಸಿನ ಕಲಸಿಟ್ಟುಕೊಂಡು ಕೂತಳು. ಕಲ್ಲು ಇವತ್ತಿಗೂ ಅಲ್ಲೇ ಇದೆ, ಅರಿಸಿನ ಕಾಣದೆ.'

ಗೌರಿಬಿದನೂರಿನ ಗೆಳೆಯನಿಗೆ ಹೋಟೆಲಿನಲ್ಲಿ ತೋರಿಸಿದೆ. ಓದಿ ಕಾಫಿ ಲೋಟ ಕೆಳಗಿಟ್ಟ. ಸ್ವಲ್ಪ ಹೊತ್ತು ಬಿಟ್ಟು, "ಇದನ್ನ ನಿಂಗೆ ಯಾರು ಹೇಳಿದ್ದು?" ಎಂದ. ನಾನೇ ಕಟ್ಟಿದ್ದು ಎಂದರೆ ನಂಬಲೊಲ್ಲ. ಅವನಿಗೆ ಸದ್ದು ಕೇಳಿಸಿತ್ತು. ಧಾರವಾಡದ ಹಿರಿಯರೊಬ್ಬರಿಗೆ ಅದೇ ನಾಲ್ಕು ವಾಕ್ಯ ಕಳಿಸಿದರೆ ಫೋನ್ ಮಾಡಿದರು: "ಗಂಡ ಯಾಕ ಬರಲಿಲ್ರೀ? ಹೇಣ್ತೀನ್ನ ಬಿಟ್ಟು ಹ್ವಾದ್ನೇನು?"

ಅವರ ತಪ್ಪೇನೂ ಇಲ್ಲ. ಕಿರುಗತೆ ಅರ್ಧ ಸಾಮಾನನ್ನು ಓದುವವರ ಮನೆಯಿಂದಲೇ ಕೇಳಿ ತರುತ್ತದೆ. ಅಲ್ಲಿ ಅದು ಇಲ್ಲದಿದ್ದರೆ ಅಡುಗೆ ಆಗುವುದಿಲ್ಲ. ಹಾಗೆಂದು ಗುಂಡಿನ ಸದ್ದನ್ನು ಮತ್ತೆ ಒಳಗೆ ತರಲು ಮನಸ್ಸಾಗಲಿಲ್ಲ. ತಂದರೆ ಆ ಹೆಂಗಸು ಕಾಯುವುದು ನಿಂತುಹೋಗುತ್ತದೆ, ಅವಳಿಗೂ ಗೊತ್ತಾಗಿಬಿಡುತ್ತದೆ. ಅವಳು ಕೂತೇ ಇರಬೇಕು. ತಿಂಗಳಾದ ಮೇಲೆ ದಾರಿ ಹೊಳೆಯಿತು: ಹೆಸರೇ ಇಲ್ಲದ ಕಥೆಗೆ 'ವಿದುರಾಶ್ವತ್ಥ, 1938' ಎಂದು ಹೆಸರಿಟ್ಟೆ. ಇಷ್ಟು ಚಿಕ್ಕ ಕಥೆಯಲ್ಲಿ ಶೀರ್ಷಿಕೆಯೂ ಒಂದು ವಾಕ್ಯದ ಕೆಲಸ ಮಾಡಬೇಕು ಎಂಬುದು ನನಗೆ ಅಂದೇ ಗೊತ್ತಾದದ್ದು. ಧಾರವಾಡದವರಿಗೆ ಮತ್ತೆ ಕಳಿಸಿದೆ. ಈ ಸಲ ಅವರು ಫೋನ್ ಮಾಡಲಿಲ್ಲ. ಎರಡು ದಿನದ ನಂತರ ಒಂದು ಕಾರ್ಡು ಬಂತು. ಅದರಲ್ಲಿ ಅವರ ಸಹಿ ಮಾತ್ರ ಇತ್ತು.

ಹೋದ ತಿಂಗಳು ಮತ್ತೆ ವಿದುರಾಶ್ವತ್ಥಕ್ಕೆ ಹೋಗಿದ್ದೆ. ಕಲ್ಲುಗಳ ಸಾಲಿನಲ್ಲಿ ಸುಮ್ಮನೆ ನಿಂತವನನ್ನು ನೋಡಿ, ಪೂಜೆ ಮುಗಿಸಿ ಏಳುತ್ತಿದ್ದ ಹೆಂಗಸೊಬ್ಬರು ಕೇಳಿದರು, "ನಿಮ್ದ್ಯಾವ ಕಲ್ಲಣ್ಣ?"

ಹಿಂದಿನ ಸಾಲಿನಲ್ಲಿ, ಹೆಡೆ ಸವೆದುಹೋದ ಒಂದು ಕಲ್ಲಿನ ಕಡೆ ಕೈ ತೋರಿಸಿದೆ. ಆಕೆ ತಮ್ಮ ಬಟ್ಟಲಲ್ಲಿ ಉಳಿದಿದ್ದ ಅರಿಸಿನವನ್ನು ನನ್ನ ಅಂಗೈಗೆ ಬಳಿದು ಹೋದರು.