ಬ್ಯಾಟರಿ ಉಳಿತಾಯ, ಆಲ್ಟರ್ನೇಟರ್ ಸಂಪಾದನೆ

ಕಾರು, ಜೀಪು, ಟ್ರ್ಯಾಕ್ಟರು ಯಾವುದೇ ಇರಲಿ, ಕೀ ತಿರುಗಿಸಿದ ಕೂಡಲೇ ಮುಂದಿನ ಫಲಕದಲ್ಲಿ ಬ್ಯಾಟರಿಯ ಚಿತ್ರವಿರುವ ಪುಟ್ಟ ಕೆಂಪು ದೀಪವೊಂದು ಹತ್ತಿಕೊಳ್ಳುತ್ತದೆ. ಎಂಜಿನ್ ಶುರುವಾದ ಮೇಲೆ ಅದು ಆರಿಹೋಗಬೇಕು. ಓಡುತ್ತಿರುವಾಗ ಮತ್ತೆ ಹತ್ತಿಕೊಂಡರೆ ನಮ್ಮಲ್ಲಿ ಹೆಚ್ಚಿನವರು ‘ಬ್ಯಾಟರಿ ಹೋಯ್ತು’ ಅನ್ನುತ್ತಾರೆ. ಚಿತ್ರ ಬ್ಯಾಟರಿಯದೇ ಆದ್ದರಿಂದ ಹಾಗೆ ಅನ್ನಿಸುವುದು ಸಹಜ. ಆದರೆ ಆ ದೀಪ ಸಾಮಾನ್ಯವಾಗಿ ಹೇಳುವ ಮಾತು ಬೇರೆ: ಬ್ಯಾಟರಿಗೆ ಬರಬೇಕಾದ ವಿದ್ಯುತ್ ಬರುತ್ತಿಲ್ಲ.

ನಾನು ಬಿ.ಕಾಂ. ಓದಿ, ಕೆಲಸದ ವರ್ಷಗಳನ್ನೆಲ್ಲ ಬ್ಯಾಂಕಿನ ಗುಮಾಸ್ತನಾಗಿ ಕಳೆದವನು. ಸ್ಪ್ಯಾನರ್ ಹಿಡಿದ ಕೈಯಲ್ಲ, ಲೆಡ್ಜರ್ ಹಿಡಿದ ಕೈ. ಆದರೂ ಈ ವಿಷಯ ತಿಳಿದುಕೊಳ್ಳಬೇಕಾಗಿ ಬಂದದ್ದು ನಮ್ಮ ಅಕ್ಕನಿಂದ.

ಅಕ್ಕನಿಗೆ ಈಗ 78 ವರ್ಷ. ನನ್ನ ತಮ್ಮನ ಮಗನ ಜೊತೆ ತೋಟದ ಮನೆಯಲ್ಲಿದ್ದಾಳೆ. ಕೊಡಿಗೇನಹಳ್ಳಿಗೂ ಆ ತೋಟಕ್ಕೂ ನಡುವೆ ಜಯಮಂಗಲಿ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಕೊರಟಗೆರೆ, ಮಧುಗಿರಿ ಸೀಮೆ ದಾಟಿ, ಉತ್ತರ ಪಿನಾಕಿನಿಯನ್ನು ಸೇರುವ ಹೊಳೆ. ಹೊಳೆ ಎಂದು ಕರೆದರೂ ವರ್ಷದ ಬಹುಪಾಲು ಅದರಲ್ಲಿ ಕಾಣುವುದು ಮರಳೇ. ಕಾರು ಇಳಿದರೆ ಚಕ್ರ ಹೂತುಕೊಳ್ಳುತ್ತದೆ. ಆಟೋದವರು ದಡದಲ್ಲೇ ನಿಂತುಬಿಡುತ್ತಾರೆ. ನಾಲ್ಕೂ ಚಕ್ರ ಎಳೆಯುವ ನಮ್ಮ ಹಳೇ ಡೀಸೆಲ್ ಜೀಪು ಮಾತ್ರ ಗೊಣಗುತ್ತಾ ದಾಟುತ್ತದೆ.

ಅಕ್ಕನ ಮೂತ್ರಪಿಂಡಗಳು ಸೋತಿವೆ. ಸೋಮವಾರ ಮತ್ತು ಗುರುವಾರ ಡಯಾಲಿಸಿಸ್. ಬೆಳಗ್ಗೆ ಐದಕ್ಕೆ ಹೊರಟರೆ ಮೊದಲ ಸರದಿ ಸಿಗುತ್ತದೆ. ಒಂದು ಸಲ ತಪ್ಪಿದರೂ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟಬಹುದು. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯಕ್ಕೇ ಅಪಾಯವಾಗಬಹುದು. ‘ಮದುವೆ ತಪ್ಪಿಸಿ, ಹಬ್ಬ ತಪ್ಪಿಸಿ, ಇದನ್ನು ತಪ್ಪಿಸಬೇಡಿ’ ಎಂದು ಡಾಕ್ಟರು ಹೇಳಿದ್ದಾರೆ.

ಕಳೆದ ವರ್ಷದ ಒಂದು ಮಂಗಳವಾರ ಮಧ್ಯಾಹ್ನ ಕಡಲೆಕಾಯಿ ಬಿತ್ತನೆ ಬೀಜ ತರಲು ಹೋಗಿದ್ದ ಹುಡುಗ ಫೋನ್ ಮಾಡಿದ.

“ದೊಡ್ಡಪ್ಪಾ, ಕೆಂಪು ದೀಪ ಹತ್ಕೊಂಡಿದೆ. ಇಲ್ಲಿ ಅಂಗಡಿಯವರು ಹೊಸ ಬ್ಯಾಟ್ರಿ ಹಾಕಿಸ್ಬೇಕು ಅಂತಾರೆ. ಏಳು ಸಾವಿರ. ಹಾಕಿಸ್ಬಿಡ್ಲಾ?”

“ಅಳೆದು ನೋಡಿದ್ರಾ?”

“ಇಲ್ಲ.”

“ಪಾಸ್‌ಬುಕ್ಕೇ ನೋಡ್ದೆ ಖಾತೇಲಿ ದುಡ್ಡಿಲ್ಲ ಅಂದ್ರೆ ಹೆಂಗಪ್ಪಾ? ಮೊದ್ಲು ಊರಿಗೆ ಬಾ.”

ಕೊಡಿಗೇನಹಳ್ಳಿಯಲ್ಲಿ ವಾಹನಗಳ ವೈರಿಂಗ್ ಕೆಲಸ ಮಾಡುವ ಒಬ್ಬರಿದ್ದಾರೆ. ಹಿಂದೂಪುರದಲ್ಲಿ ಕೆಲಸ ಕಲಿತವರು. ನಮ್ಮ ಗಡಿ ಭಾಗದ ರೂಢಿಯಂತೆ ಅರ್ಧ ಕನ್ನಡ, ಅರ್ಧ ತೆಲುಗು. ಅವರು ಮಾತಾಡುವ ಮೊದಲು ಮಲ್ಟಿಮೀಟರ್ ತೆಗೆದರು. ಎಂಜಿನ್ ನಿಂತಿರುವಾಗ ಬ್ಯಾಟರಿಯಲ್ಲಿ 12.1 ವೋಲ್ಟ್ ಇತ್ತು. ಚೆನ್ನಾಗಿ ತುಂಬಿದ ಬ್ಯಾಟರಿಯಾದರೆ 12.6ರ ಆಸುಪಾಸು ಇರಬೇಕು. ಅಂದರೆ ಅರ್ಧ ಖಾಲಿಯಾಗಿದೆ, ಸತ್ತಿಲ್ಲ. ಎಂಜಿನ್ ಓಡಿಸಿ ಅಳೆದರು. ಆಲ್ಟರ್ನೇಟರ್ ಸರಿಯಿದ್ದರೆ ಮುಳ್ಳು 13.8ರಿಂದ 14.4ರ ನಡುವೆ ನಿಲ್ಲಬೇಕು. ನಮ್ಮದು 11.9ಕ್ಕೆ ಇಳಿಯಿತು. ಫ್ಯಾನ್ ಬೆಲ್ಟ್ ಒತ್ತಿ ನೋಡಿದರು, ಬಿಗಿಯಾಗಿಯೇ ಇತ್ತು. “ಬ್ಯಾಟ್ರಿದೇನೂ ತಪ್ಪಿಲ್ಲ ಸಾರ್. ಒಳಗೆ ಬರೋದೇ ಇಲ್ಲ, ಬರೀ ಹೋಗೋದೇ” ಅಂದರು.

ಜಮಾ ಇಲ್ಲ, ಬರೀ ಖರ್ಚು. ಇದು ನನಗೆ ಅರ್ಥವಾಗುವ ಭಾಷೆ. ಮಕ್ಕಳೇ, ನೀವೂ ಹೀಗೆ ನೆನಪಿಟ್ಟುಕೊಳ್ಳಿ: ಬ್ಯಾಟರಿ ಎಂದರೆ ಉಳಿತಾಯ ಖಾತೆ, ಆಲ್ಟರ್ನೇಟರ್ ಎಂದರೆ ತಿಂಗಳ ಸಂಬಳ. ಬೆಳಗ್ಗೆ ಎಂಜಿನ್ ಎಬ್ಬಿಸಲು ಕೆಲವು ಸೆಕೆಂಡು ನೂರಾರು ಆಂಪಿಯರ್ ಬೇಕು. ಅದನ್ನು ಉಳಿತಾಯದಿಂದ ತೆಗೆಯುತ್ತೇವೆ. ಎಂಜಿನ್ ಎದ್ದ ಮೇಲೆ ಬೆಲ್ಟಿನಿಂದ ತಿರುಗುವ ಆಲ್ಟರ್ನೇಟರ್ ದೀಪ, ಹಾರನ್, ವೈಪರ್‌ಗಳ ಖರ್ಚು ತೂಗಿಸಿ, ತೆಗೆದ ಸಾಲವನ್ನೂ ಬ್ಯಾಟರಿಗೆ ತುಂಬುತ್ತದೆ. ಸಂಬಳ ನಿಂತಾಗ ಹೊಸ ಖಾತೆ ತೆರೆದರೆ ಏನು ಬಂತು? ಹೊಸ ಬ್ಯಾಟರಿಯೂ ಹಳೆಯದರಂತೆಯೇ ಖಾಲಿಯಾಗುತ್ತದೆ.

ಈ ಸಂಪಾದನೆಯ ಗುಟ್ಟು ಹಳೆಯದು. ತಂತಿ ಸುರುಳಿಯ ಬಳಿ ಅಯಸ್ಕಾಂತ ಅಲುಗಾಡಿದರೆ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು 1831ರಲ್ಲಿ ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ ತೋರಿಸಿದರು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ಬಲದಿಂದ ತಿರುಗಿದ್ದೂ ಇದೇ ತತ್ತ್ವದ ದೊಡ್ಡ ಯಂತ್ರಗಳು. ಆ ವಿದ್ಯುತ್ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಹರಿಯಿತು. ಅಲ್ಲಿ ನೀರು ತಿರುಗಿಸಿದ್ದನ್ನು ಇಲ್ಲಿ ಬೆಲ್ಟ್ ತಿರುಗಿಸುತ್ತದೆ. ಎರಡನೇ ಮಹಾಯುದ್ಧದ ಕಾಲದ ಜೀಪುಗಳಲ್ಲಿ ಇದ್ದದ್ದು ಡೈನಮೊ. ಎಂಜಿನ್ ನಿಧಾನವಾದರೆ ಅದರ ಸಂಪಾದನೆಯೂ ನಿಲ್ಲುತ್ತಿತ್ತು. 1960ರ ಹೊತ್ತಿಗೆ ಅಮೆರಿಕದ ಕಾರುಗಳಿಗೆ ಆಲ್ಟರ್ನೇಟರ್ ಬರತೊಡಗಿತು. ಹುಟ್ಟುವ ಪರ್ಯಾಯ ವಿದ್ಯುತ್ತನ್ನು ಡಯೋಡ್‌ಗಳು ನೇರ ವಿದ್ಯುತ್ತಾಗಿ ಬದಲಿಸುತ್ತವೆ. ಜೀಪು ಆಮೆಯಂತೆ ಮರಳು ದಾಟುವಾಗಲೂ ಬ್ಯಾಟರಿ ತುಂಬುತ್ತಿರುತ್ತದೆ.

ಮಂಗಳವಾರ ಸಂಜೆಯಾಗಿತ್ತು. ಗುರುವಾರದ ಐದು ಗಂಟೆಗೆ ಇನ್ನೊಂದು ಹಗಲು ಮಾತ್ರ ಉಳಿದಿತ್ತು. ಹುಡುಗ ಒಂದು ಉಪಾಯ ಹೇಳಿದ: “ಡೀಸೆಲ್ ಗಾಡಿ ಅಲ್ವಾ, ತಳ್ಳಿ ಸ್ಟಾರ್ಟ್ ಮಾಡಿದ್ರೆ ಕರೆಂಟಿಲ್ದೆನೂ ಓಡ್ತದೆ.” ಅವನ ಮಾತು ಸುಳ್ಳಲ್ಲ. ಹಳೇ ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಕಾವಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಗಾಡಿಗೂ ಈಗಿನ ಕಂಪ್ಯೂಟರ್ ಡೀಸೆಲ್ ಗಾಡಿಗೂ ಈ ಮಾತು ಸಲ್ಲದು. ಆದರೆ ಐದು ಗಂಟೆಯ ಕತ್ತಲಲ್ಲಿ ಎರಡು ಹೆಡ್‌ಲೈಟಿಗೇ ಸುಮಾರು 10 ಆಂಪಿಯರ್ ಬೇಕು. ಅರ್ಧ ಖಾಲಿ ಬ್ಯಾಟರಿಯಲ್ಲಿ ದೀಪ ಮಂಕಾಗುತ್ತಾ ಹೋಗುತ್ತದೆ. ನಡುಹೊಳೆಯಲ್ಲಿ ಎಂಜಿನ್ ನಿಂತರೆ ಮರಳಿನಲ್ಲಿ ಜೀಪು ತಳ್ಳುವವರು ಯಾರು? ಒಳಗೆ ಕೂತಿರುವವಳು ಅಕ್ಕ.

ಬುಧವಾರ ಬೆಳಗ್ಗೆ ಅಂಗಡಿಯವರು ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದರು. ಆಲ್ಟರ್ನೇಟರಿಗೆ ಬರುವ ದಪ್ಪ ತಂತಿಯಲ್ಲಿ ಸದಾ ವಿದ್ಯುತ್ ಇರುತ್ತದೆ. ಸ್ಪ್ಯಾನರ್ ತಾಗಿದರೆ ಕಿಡಿ ಹಾರುತ್ತದೆ. ಆಮೇಲೆ ಬೆಲ್ಟ್ ಸಡಿಲಿಸಿ ಆಲ್ಟರ್ನೇಟರ್ ಇಳಿಸಿದರು. ಅದರ ಬೆನ್ನಿಗೆ ಇನ್ನೊಂದು ಪುಟ್ಟ ಯಂತ್ರ ಅಂಟಿಕೊಂಡಿತ್ತು. “ಇದು ಬ್ರೇಕಿನ ವ್ಯಾಕ್ಯೂಮ್ ಪಂಪು ಸಾರ್. ಎಷ್ಟೋ ಡೀಸೆಲ್ ಗಾಡಿಗಳಲ್ಲಿ ಆಲ್ಟರ್ನೇಟರ್ ಜೊತೆಗೇ ಇರ್ತದೆ” ಅಂದರು. ಈ ಪಂಪಿಗೆ ಎಂಜಿನ್ ಆಯಿಲ್ ಬರುತ್ತದೆ. ನಡುವಿನ ಆಯಿಲ್ ಸೀಲ್ ಸವೆದು ಎಣ್ಣೆ ಒಳಗೆ ಜಿನುಗಿತ್ತು. ಅದಕ್ಕೆ ಹೊಳೆಯ ಧೂಳು ಸೇರಿ ಕಾರ್ಬನ್ ಬ್ರಷ್‌ಗಳ ಮೇಲೆ ಕಪ್ಪು ಹಿಟ್ಟಿನಂತೆ ಮೆತ್ತಿಕೊಂಡಿತ್ತು. ಬ್ರಷ್ ಎಂದರೆ ಕಿರುಬೆರಳ ತುದಿಯಷ್ಟು ಇದ್ದಿಲಿನ ತುಂಡು. ತಿರುಗುವ ರೋಟರಿನ ತಾಮ್ರದ ಬಳೆಗಳಿಗೆ ಅದು ತಾಗಿದರೆ ಮಾತ್ರ ಒಳಗಿನ ಅಯಸ್ಕಾಂತಕ್ಕೆ ಶಕ್ತಿ. ಅದು ತಾಗುತ್ತಿರಲಿಲ್ಲ.

ಮೂರು ದಾರಿ ಇದ್ದವು. ಪಂಪಿನ ಸಮೇತ ಹೊಸದಕ್ಕೆ 11 ಸಾವಿರ, ತುಮಕೂರಿನಿಂದ ಬರುವುದು ಶುಕ್ರವಾರ. ಗುಜರಿಯದು 2,500, ಗ್ಯಾರಂಟಿ ಇಲ್ಲ. ಮೂರನೆಯದು ರಿಪೇರಿ. “ಸುರುಳಿ ಸುಟ್ಟಿದ್ರೆ, ಹೊರಮೈ ಸೀಳಿದ್ರೆ ನಾನೇ ಹೊಸದು ತರಿಸಿ ಅಂತಿದ್ದೆ” ಎಂದು ಅವರು ಒಂದೊಂದನ್ನೇ ಅಳೆದು ತೋರಿಸಿದರು. ಸುರುಳಿಗಳಿಗೆ ಸುಟ್ಟ ವಾಸನೆ ಇರಲಿಲ್ಲ. ಡಯೋಡ್‌ಗಳು ಒಂದು ದಿಕ್ಕಿಗೆ ಬಿಟ್ಟು ಇನ್ನೊಂದು ದಿಕ್ಕಿಗೆ ತಡೆಯುತ್ತಿದ್ದವು. ರೋಟರ್ ಸರಿಯಿತ್ತು. ಬ್ರಷ್ 180, ಎರಡು ಬೇರಿಂಗ್ 420, ಸೀಲ್ 250, ಕೂಲಿ 600. ಒಟ್ಟು 1,450 ರೂಪಾಯಿ. ಸೀಲ್ ಬದಲಿಸದೆ ಬ್ರಷ್ ಮಾತ್ರ ಹಾಕಿದ್ದರೆ ಎಣ್ಣೆ ಮತ್ತೆ ಅದೇ ದಾರಿ ಹಿಡಿಯುತ್ತಿತ್ತು. ಹಳೇ ಪಂಪಿಗೇ ಹೊಸ ಆಲ್ಟರ್ನೇಟರ್ ಜೋಡಿಸಿದ್ದರೂ ಅದೇ ಗತಿ.

ಸಂಜೆ ಜೋಡಿಸಿ ಎಂಜಿನ್ ಎಬ್ಬಿಸಿದಾಗ 14.1 ವೋಲ್ಟ್. ಹೆಡ್‌ಲೈಟ್ ಹಾಕಿದ ಮೇಲೂ 13.9. ಹುಡುಗ ಉತ್ಸಾಹದಲ್ಲಿ ಬ್ಯಾಟರಿ ತಂತಿ ಕಿತ್ತು ಎಂಜಿನ್ ಓಡುತ್ತದೋ ನೋಡೋಣ ಎಂದಾಗ ಅವರು ಕೈ ಹಿಡಿದರು. ಡೈನಮೊ ಕಾಲದಿಂದ ಬಂದ ಆ ಪರೀಕ್ಷೆ ಆಲ್ಟರ್ನೇಟರಿಗೆ ಹೊಂದದು. ವೋಲ್ಟೇಜ್ ಒಮ್ಮೆಲೇ ಜಿಗಿದು ಡಯೋಡ್ ಸುಟ್ಟುಹೋಗಬಹುದು. ಬದಲಿಗೆ ಬ್ರೇಕ್ ಪರೀಕ್ಷೆ ಮಾಡಿಸಿದರು. ಎಂಜಿನ್ ನಿಲ್ಲಿಸಿ ಪೆಡಲನ್ನು ಹಲವು ಸಲ ತುಳಿದು ಗಟ್ಟಿಯಾದ ಮೇಲೆ, ಒತ್ತಿಹಿಡಿದೇ ಎಂಜಿನ್ ಎಬ್ಬಿಸಬೇಕು. ಪೆಡಲ್ ಕಾಲಡಿ ಸ್ವಲ್ಪ ಕುಸಿದರೆ ಪಂಪು ಕೆಲಸ ಮಾಡುತ್ತಿದೆ ಎಂದರ್ಥ. ನಮ್ಮದು ಕುಸಿಯಿತು. ರಾತ್ರಿಯೆಲ್ಲ ಬ್ಯಾಟರಿಯನ್ನು ಚಾರ್ಜರಿಗೆ ಹಾಕಿಟ್ಟರು. ಖಾಲಿ ಬ್ಯಾಟರಿ ತುಂಬುವ ಹೊರೆಯನ್ನು ರಿಪೇರಿಯಾದ ಆಲ್ಟರ್ನೇಟರಿನ ಮೇಲೆ ಮೊದಲ ದಿನವೇ ಹೊರಿಸಬಾರದಂತೆ.

ಗುರುವಾರ ಐದಕ್ಕೆ ಅಕ್ಕ ಹಿಂದಿನ ಸೀಟಿನಲ್ಲಿ ದಿಂಬಿಗೆ ಒರಗಿ ಕೂತಳು. ನಾನು ಮುಂದೆ. ಹೊಳೆಯ ಮರಳಿನ ಮೇಲೆ ಬೆಳಕು ಆಚೆ ದಡದವರೆಗೂ ಬಿದ್ದಿತ್ತು. ಅಕ್ಕನಿಗೆ ಈ ಎರಡು ದಿನದ ಓಡಾಟ ಯಾವುದೂ ಗೊತ್ತಿರಲಿಲ್ಲ. “ಇವತ್ತು ದೀಪ ಚೆನ್ನಾಗಿದೆ ಕಣೋ” ಅಂದಳು, ಅಷ್ಟೇ. ಮೊದಲ ಸರದಿಯೇ ಸಿಕ್ಕಿತು.

ಈಗ ಪ್ರತಿ ತಿಂಗಳ ಮೊದಲ ಭಾನುವಾರ ಹುಡುಗನ ಮಗಳು, ಏಳನೇ ತರಗತಿಯವಳು, ಅಪ್ಪ ಎಂಜಿನ್ ಓಡಿಸುವಾಗ ಪಕ್ಕದಲ್ಲಿ ನಿಂತು ಮೀಟರ್ ಹಿಡಿಯುತ್ತಾಳೆ. ಬೆಲ್ಟಿಗೆ ಬಟ್ಟೆ, ಜಡೆ ತಾಗದಂತೆ ದೂರ ಇರಬೇಕೆಂದು ಅವಳಿಗೆ ಕಲಿಸಿದ್ದೇವೆ. ನಾನು ಕೊಟ್ಟ ನೋಟ್‌ಬುಕ್ಕಿನಲ್ಲಿ ದಿನಾಂಕ, ನಿಂತಾಗ ಎಷ್ಟು, ಓಡುವಾಗ ಎಷ್ಟು ಎಂದು ಮೂರು ಕಾಲಂ ಎಳೆದುಕೊಂಡಿದ್ದಾಳೆ. ಕಳೆದ ಭಾನುವಾರದ ಸಾಲು: 12.6, 14.1.