ಗೇಟ್ ಮುಚ್ಚಿದ ರಾತ್ರಿ

ಪಿಯುಸಿಯಲ್ಲಿ ಬಯಾಲಜಿ ತಗೊಂಡವರಿಗೆ ‘ಎಲೆಕ್ಟ್ರಾನ್ ಟ್ರಾನ್ಸ್‌ಪೋರ್ಟ್’ ನೆನಪಿರುತ್ತೆ. ಒಂದು ಚಿತ್ರ, ಐದು ಅಂಕ. 2021ರ ಮೇ ತಿಂಗಳವರೆಗೆ ನನಗೂ ಅಷ್ಟೇ ಆಗಿತ್ತು.

ಆಗ ಫಸ್ಟ್ ಪಿಯು, ಗುಂಡ್ಲುಪೇಟೆ ಹತ್ತಿರದ ನಮ್ಮೂರಲ್ಲೇ ಇದ್ದೆ. ಅಪ್ಪನಿಗೆ ಕೊರೊನಾ. ಆಕ್ಸಿಮೀಟರ್ 91 ತೋರಿಸ್ತಿತ್ತು. ಬೆಳಿಗ್ಗೆ ಚಾಮರಾಜನಗರಕ್ಕೆ ಕರ್ಕೊಂಡು ಹೋಗೋದು ಅಂತ ಮಾತಾಗಿತ್ತು. ಮೇ 3ರಂದು ಟಿವಿ ಹಾಕಿದ್ರೆ, ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆ, 24 ಸಾವು ಅನ್ನೋ ಸುದ್ದಿ. ಕಟ್ಟಿಟ್ಟಿದ್ದ ಬ್ಯಾಗನ್ನ ಅವ್ವ ಮತ್ತೆ ಒಳಗಿಟ್ಟಳು.

“ಗಾಳಿ ಎಲ್ಲಾ ಕಡೆ ಅದಲ್ಲ ಮಗ, ಅದ್ನೂ ಮೈಸೂರಿಂದ ಲಾರೀಲಿ ತರ್ಬೇಕಾ?” ಅಂದ್ಲು. ನನ್ನ ಹತ್ರ ಉತ್ತರ ಇರ್ಲಿಲ್ಲ.

ರಾತ್ರಿ ನಿದ್ದೆ ಬಾರದೆ ಅದೇ ಪಾಠ ತೆಗೆದೆ. ಉಂಡ ಅನ್ನದಿಂದ ಬಂದ ಎಲೆಕ್ಟ್ರಾನ್‌ಗಳು ಮೈಟೊಕಾಂಡ್ರಿಯದ ಒಳಪೊರೆಯಲ್ಲಿ ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ಇಳಿಯುತ್ತವೆ. ಇಳಿಯುವಾಗ ಸಿಗುವ ಶಕ್ತಿ ಪ್ರೋಟಾನ್‌ಗಳನ್ನು ಪೊರೆಯ ಆಚೆಗೆ ತಳ್ಳುತ್ತೆ. ಅವು ವಾಪಸ್ ನುಗ್ಗುವಾಗ ಎಟಿಪಿ ಸಿಂಥೇಸ್ ಅನ್ನೋ ಪುಟ್ಟ ಟರ್ಬೈನ್ ತಿರುಗುತ್ತೆ. ಒಂದು ಸುತ್ತಿಗೆ ಮೂರು ಎಟಿಪಿ. ಅಣೆಕಟ್ಟಿನ ಲೆಕ್ಕಾಚಾರವೇ. ಪೀಟರ್ ಮಿಚೆಲ್ 1961ರಲ್ಲಿ ಇದನ್ನ ಹೇಳಿದಾಗ ಬಹಳ ಜನ ಒಪ್ಪಲಿಲ್ಲ, 1978ರಲ್ಲಿ ನೊಬೆಲ್ ಬಂತು.

ಆಕ್ಸಿಜನ್ ಬರೋದು ಕೊನೆಯಲ್ಲಿ. ಇಳಿದು ಬಂದ ಎಲೆಕ್ಟ್ರಾನ್‌ಗಳನ್ನ ಹಿಡಿದು ನೀರಾಗೋದಷ್ಟೇ ಅದರ ಕೆಲಸ. ಆದ್ರೆ ಅದಿಲ್ಲದಿದ್ರೆ?

ನಮ್ಮ ಕಡೆಯವರಿಗೆ ಬಂಡೀಪುರದ ಗೇಟ್ ಗೊತ್ತು. ರಾತ್ರಿ ಒಂಬತ್ತಕ್ಕೆ ಮುಚ್ಚಿದ್ರೆ ಬೆಳಿಗ್ಗೆ ಆರಕ್ಕೇ ತೆಗೆಯೋದು. ಮುಂದಿನ ಲಾರಿ ನಿಂತ್ರೆ ಹಿಂದಿನದೂ ನಿಲ್ಲುತ್ತೆ, ಸಾಲು ಬೆಳೆಯುತ್ತೆ. ಲಾರಿಯಲ್ಲಿ ಡೀಸೆಲ್ ಇದೆ, ಸರಕೂ ಇದೆ, ಹೋಗೋಕೆ ದಾರಿ ಇಲ್ಲ. ಕೋಶದಲ್ಲೂ ಹೀಗೇ. ಸಕ್ಕರೆ ಇದ್ದೂ ಟರ್ಬೈನ್ ನಿಲ್ಲುತ್ತೆ. ಒಂದು ಗ್ಲೂಕೋಸ್‌ಗೆ ಸುಮಾರು 30 ಎಟಿಪಿ ಸಿಗೋ ಜಾಗದಲ್ಲಿ ಬರೀ 2. ಅಷ್ಟರಲ್ಲಿ ಮಿದುಳು ಕೆಲವು ನಿಮಿಷವೂ ತಡೆಯೋದು ಕಷ್ಟ.

ಗೇಟ್ ಕಥೆಯನ್ನೇ ಅವ್ವನಿಗೆ ಹೇಳಿದೆ. ಸುಮ್ಮನೆ ಕೇಳಿಸ್ಕೊಂಡು, “ಹಂಗಾದ್ರೆ ಅವ್ರೆಲ್ಲ ಉಂಡಿದ್ರೂ ಉಪವಾಸ ಹೋದ್ರಾ?” ಅಂದ್ಲು. ಯಾವ ಪುಸ್ತಕದಲ್ಲೂ ನಾನು ಇಷ್ಟು ಸರಿಯಾಗಿ ಓದಿರ್ಲಿಲ್ಲ.

ಅಪ್ಪ ಮನೆಯಲ್ಲೇ ಬೋರಲು ಮಲಗಿ ಚೇತರಿಸ್ಕೊಂಡ್ರು. ಆಸ್ಪತ್ರೆಗೆ ಹೋಗದ್ದು ಜಾಣತನ ಅಂತ ನಾನು ಹೇಳಲ್ಲ, ಅದು ಅದೃಷ್ಟ. ಈಗ ನಾನು ಮೆಕ್ಯಾನಿಕಲ್. ಕ್ಲಾಸಲ್ಲಿ ಟರ್ಬೈನ್ ಎಫಿಷಿಯನ್ಸಿ ಲೆಕ್ಕ ಮಾಡುವಾಗ, ನೀರು ಎಲ್ಲಿಂದ ಬರುತ್ತೆ ಅನ್ನೋದಕ್ಕಿಂತ ಮೊದಲು ಎಲ್ಲಿಗೆ ಹೋಗುತ್ತೆ ಅಂತ ನೋಡ್ತೀನಿ. ಆ ಆಕ್ಸಿಮೀಟರ್ ಇನ್ನೂ ದೇವರ ಗೂಡಲ್ಲಿದೆ. ಊರಿಗೆ ಹೋದಾಗಲೆಲ್ಲ ಅವ್ವ ಅದನ್ನ ನನ್ನ ಬೆರಳಿಗೂ ಒಂದ್ಸಲ ಹಾಕ್ತಾಳೆ.