ದೀಪಗಳು ಮತ್ತು ಒಂದು ರಂಧ್ರ

ಕಲಾ ವಿಭಾಗದ ವಿದ್ಯಾರ್ಥಿಗಳಿಗೆ ಭೌತಶಾಸ್ತ್ರವನ್ನು ಪರಿಚಯಿಸುವಾಗ ನಾನು ಸೂತ್ರಗಳಿಂದ ಆರಂಭಿಸುವುದಿಲ್ಲ. ಎಸ್ಸೆಸ್ಸೆಲ್ಸಿಯೊಂದಿಗೆ ವಿಜ್ಞಾನದ ಬಾಗಿಲು ಮುಚ್ಚಿತೆಂದು ನಂಬಿದವರೇ ಅವರಲ್ಲಿ ಹೆಚ್ಚು. ಆದ್ದರಿಂದ ಮೊದಲು ಕೇಳುವುದು ಒಂದೇ ಪ್ರಶ್ನೆ: ನಾವು ನೋಡುವುದು ಹೇಗೆ?

ಕಣ್ಣಿನಿಂದ ಕಿರಣಗಳು ಹೊರಟು ವಸ್ತುವನ್ನು ಮುಟ್ಟುತ್ತವೆ ಎಂದು ಯೂಕ್ಲಿಡ್, ಟಾಲೆಮಿಯಂತಹ ಘಟಾನುಘಟಿಗಳೇ ಬರೆದಿದ್ದರು. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ನೆಲೆಸಿದ್ದ ಇಬ್ನುಲ್ ಹೈಸಮ್ 11ನೇ ಶತಮಾನದಲ್ಲಿ ಇದನ್ನು ಒಪ್ಪಲಿಲ್ಲ. ಸೂರ್ಯನನ್ನು ದಿಟ್ಟಿಸಿದರೆ ಕಣ್ಣು ನೋಯುತ್ತದಲ್ಲ, ಹಾಗಾದರೆ ಹೊರಗಿನಿಂದಲೇ ಏನೋ ಒಳಬರುತ್ತಿರಬೇಕು. ಅವರು ಒಂದು ರಂಧ್ರದೆದುರು ಹಲವು ದೀಪಗಳನ್ನಿಡುವ ಪ್ರಯೋಗವನ್ನು ವಿವರಿಸಿದ್ದಾರೆ. ಆಚೆಗಿನ ಕತ್ತಲ ಗೋಡೆಯ ಮೇಲೆ ದೀಪಗಳಷ್ಟೇ ಬೆಳಕಿನ ಚುಕ್ಕೆಗಳು. ಒಂದು ದೀಪವನ್ನು ಮರೆಮಾಡಿದರೆ ಅದರ ಚುಕ್ಕೆ ಮಾತ್ರ ಮಾಯ. ಬೆಳಕು ನೇರವಾಗಿ ಸಾಗುತ್ತದೆ, ಒಂದೇ ರಂಧ್ರದಲ್ಲಿ ಹಾದರೂ ಕಲಸಿಹೋಗುವುದಿಲ್ಲ.

ಮೂರು ಮೇಣದಬತ್ತಿ, ತೂತು ಮಾಡಿದ ಒಂದು ರಟ್ಟು ಇದ್ದರೆ ಸಾಕು, ತರಗತಿಯಲ್ಲೇ ಮಾಡಬಹುದು. "ಎಡಗಡೆಯ ಬತ್ತಿ ಮುಚ್ಚಿದರೆ ಬಲಗಡೆಯ ಚುಕ್ಕೆ ಯಾಕೆ ಹೋಯಿತು ಸರ್?" ಎಂದು ಇತಿಹಾಸ ಓದುವ ಹುಡುಗಿಯೊಬ್ಬಳು ಕೇಳಿದಳು. ಉತ್ತರ ನಾನು ಹೇಳಲಿಲ್ಲ. ಗೆಳತಿಯರು ಸೇರಿ ಹಲಗೆಯ ಮೇಲೆ ಗೆರೆ ಎಳೆದು ಕಂಡುಕೊಂಡರು.

ನಮ್ಮ ಸಭೆಗಳಲ್ಲಿ ಈ ವಿದ್ವಾಂಸರ ಹೆಸರು 'ನಮ್ಮವರು' ಎಂಬ ಹೆಮ್ಮೆಗಷ್ಟೇ ಬಳಕೆಯಾಗುತ್ತದೆ. ಆದರೆ ಟಾಲೆಮಿಯ ಬಗ್ಗೆ ಸಂದೇಹಗಳದ್ದೇ ಒಂದು ಗ್ರಂಥ ಬರೆದ ಅವರು, ಸತ್ಯ ಹುಡುಕುವವನು ಹಿರಿಯರ ಬರಹವನ್ನಷ್ಟೇ ಅಲ್ಲ, ತನ್ನನ್ನೂ ಸಂಶಯದಿಂದ ನೋಡಬೇಕೆಂದವರು. ದೃಷ್ಟಿ ಗ್ರಹಣವಾಗುವುದು ಕಣ್ಣಿನ ಮಸೂರದಲ್ಲಿ ಎಂದು ಅವರು ಭಾವಿಸಿದ್ದರು. ಅಲ್ಲ, ಚಿತ್ರ ಮೂಡುವುದು ಅಕ್ಷಿಪಟಲದ ಮೇಲೆ ಎಂದು 1604ರಲ್ಲಿ ಕೆಪ್ಲರ್ ತೋರಿಸಿದ. ಇದನ್ನೂ ನಾನು ಮಕ್ಕಳಿಗೆ ಬಿಡದೆ ಹೇಳುತ್ತೇನೆ.